ನಿಮಿಷಕ್ಕೆ 172 ಹೆಜ್ಜೆ: ಓಟಕ್ಕೆ ಹಾಡಿನ ಲಯ ಕೂಡಿಸುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಐದೂವರೆಗೆ ಬೀದಿಗಿಳಿದರೆ ಎದುರಾಗುವವರಲ್ಲಿ ಅರ್ಧ ಜನ ಹಾಲಿನವರು, ಉಳಿದರ್ಧ ಪೊಲೀಸರಾಗಲು ಹೊರಟವರು. ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಬಂದು ಕೋಣೆ ಹಿಡಿದು ಹಗಲೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನಸುಕಿನಲ್ಲಿ ಓಡಲು ಮೈದಾನ ಸೇರುತ್ತಾರೆ. ಕೆಲವು ವರ್ಷಗಳ ಹಿಂದೆ ಅವರ ಗುಂಪಿನಲ್ಲಿ ಯಾರಾದರೊಬ್ಬರ ಕೈಯಲ್ಲಿ ಸ್ಟಾಪ್‌ವಾಚ್ ಇದ್ದರೆ ಅದೇ ದೊಡ್ಡದು. ಈಗ ಕಿವಿಯಲ್ಲಿ ಇಯರ್‌ಬಡ್, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ವಾಚು, ಮೊಬೈಲಿನಲ್ಲಿ ‘180 ಬಿಪಿಎಂ’ ಎಂಬ ಹಣೆಪಟ್ಟಿ ಹೊತ್ತ ಹಾಡುಗಳ ಸಾಲು.

ನಮ್ಮ ಓಣಿಯಲ್ಲಿ ಬಾಡಿಗೆಗಿರುವ ಹಾವೇರಿ ಕಡೆಯ ಹುಡುಗನೊಬ್ಬ ಮೊನ್ನೆ ಕುಂಟುತ್ತ ಬಂದು ಕಟ್ಟೆಯ ಮೇಲೆ ಕುಳಿತ. “ಕಾಕಾ, ಒಂದು ತಿಂಗಳಿನಿಂದ 180ರ ಹಾಡು ಹಾಕಿಕೊಂಡೇ ಓಡುತ್ತಿದ್ದೇನೆ. ಟೈಮಿಂಗ್ ಒಂದು ಸೆಕೆಂಡೂ ಇಳಿದಿಲ್ಲ, ಮೀನಖಂಡ ಮಾತ್ರ ಹಿಡಿದುಕೊಂಡಿದೆ” ಎಂದ. ಅದೇ ವಾರ, ಬೆಳಗಿನ ವಾಕಿಂಗಿನಲ್ಲಿ ಜೊತೆಯಾಗುವ 58 ವರ್ಷದ ಹಿರಿಯರೊಬ್ಬರು ತಮ್ಮ ಹೊಸ ವಾಚನ್ನು ನನ್ನ ಮುಖಕ್ಕೆ ಹಿಡಿದು, “180 ಬರಬೇಕು ಎನ್ನುತ್ತಾರಲ್ಲ, ನನ್ನದು 120 ದಾಟುವುದೇ ಇಲ್ಲ. ಇನ್ನೂ ಜೋರಾಗಿ ನಡೆಯಲೇ?” ಎಂದು ಕೇಳಿದರು. ಅವರು ತೋರಿಸುತ್ತಿದ್ದದ್ದು ಹೃದಯ ಬಡಿತದ ಸಂಖ್ಯೆ. 180 ಅಲ್ಲಿ ಬರಬೇಕಾದ ಸಂಖ್ಯೆಯಲ್ಲ, ಅವರ ವಯಸ್ಸಿಗೆ ಬರಲೇಬಾರದ ಸಂಖ್ಯೆ.

ಹುಡುಗನ ನೋವು, ಹಿರಿಯರ ಗಾಬರಿ ಎರಡಕ್ಕೂ ಮೂಲ ಒಂದೇ ಗೊಂದಲ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಒಂದು ನಿಮಿಷ, ಮೂರು ಎಣಿಕೆ

ಓಡುವವರ ಮಾತಿನಲ್ಲಿ ‘ನಿಮಿಷಕ್ಕೆ ಇಷ್ಟು’ ಎಂದು ಅಳೆಯುವ ಮೂರು ಸಂಗತಿಗಳು ಬರುತ್ತವೆ.

ಮೊದಲನೆಯದು ಹಾಡಿನ ಗತಿ. ಹಾಡು ಕೇಳುವಾಗ ನಮಗೆ ಗೊತ್ತಿಲ್ಲದೆ ಕಾಲು ತಟ್ಟುತ್ತೇವಲ್ಲ, ಆ ತಟ್ಟುಗಳು ನಿಮಿಷಕ್ಕೆ ಎಷ್ಟು ಎಂಬುದೇ ಬಿಪಿಎಂ. ಎರಡನೆಯದು ಹೆಜ್ಜೆಗತಿ. ಎಡಗಾಲು ಬಲಗಾಲು ಎರಡನ್ನೂ ಕೂಡಿಸಿ ನಿಮಿಷಕ್ಕೆ ಎಷ್ಟು ಸಲ ಪಾದ ನೆಲ ಮುಟ್ಟುತ್ತದೆ ಎಂಬ ಲೆಕ್ಕ. ವಾಚುಗಳು ಇದನ್ನು ಕೇಡೆನ್ಸ್ ಎಂದು ತೋರಿಸುತ್ತವೆ. ಮೂರನೆಯದು ಹೃದಯ ಬಡಿತ. ಅದೂ ನಿಮಿಷಕ್ಕೇ, ಅದರ ಮುಂದೆಯೂ ಬಿಪಿಎಂ ಎಂದೇ ಬರೆದಿರುತ್ತದೆ. ಎಡವಟ್ಟು ಶುರುವಾಗುವುದು ಇಲ್ಲಿಂದ.

ಹಾಡಿನ ಗತಿಯನ್ನು ಹೆಜ್ಜೆಗತಿಗೆ ನೇರವಾಗಿ ಕೂಡಿಸಬಹುದು. ಹೃದಯ ಬಡಿತಕ್ಕೆ ಹಾಗೆ ಕೂಡಿಸಲಾಗದು. 180ರ ಹಾಡು ಕೇಳಿದ ಮಾತ್ರಕ್ಕೆ ಹೃದಯ 180 ಸಲ ಬಡಿಯುವುದಿಲ್ಲ. ಅದು ಹಾಡಿನ ಮಾತು ಕೇಳುವ ಅಂಗವಲ್ಲ. ಸ್ನಾಯುಗಳು ಎಷ್ಟು ಆಮ್ಲಜನಕ ಬೇಡುತ್ತವೆಯೋ ಅಷ್ಟು ಬಡಿಯುತ್ತದೆ. ಅದರ ಗರಿಷ್ಠ ಮಿತಿಯನ್ನು ಅಂದಾಜು ಮಾಡಲು 220ರಿಂದ ವಯಸ್ಸನ್ನು ಕಳೆಯುವ ಹಳೆಯ ಲೆಕ್ಕವಿದೆ. 58 ವರ್ಷದವರಿಗೆ ಅದು 162 ಆಗುತ್ತದೆ. ಇದು ಅಂದಾಜಷ್ಟೇ, ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗಬಹುದು. ಆದರೂ ಬೆಳಗಿನ ನಡಿಗೆಯಲ್ಲಿ ಯಾರೂ ಆ ತುದಿಗೆ ಹೋಗಬೇಕಾಗಿಲ್ಲ. ಹಿರಿಯರಿಗೆ ಹೇಳಿದ್ದು ಇಷ್ಟೇ: ನಡೆಯುತ್ತ ನನ್ನೊಡನೆ ಮಾತಾಡಲು ಆಗುತ್ತಿದೆ, ಆದರೆ ಹಾಡಲು ಆಗುತ್ತಿಲ್ಲ ಎಂದಾದರೆ ನಡಿಗೆ ಸರಿಯಾಗಿಯೇ ಇದೆ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ

ಬಿಪಿಎಂ ಎಂಬ ಮಾತು ಹೊಸದಿರಬಹುದು, ಸಂಗತಿ ಹೊಸದಲ್ಲ. ಹಿಂದೂಸ್ತಾನಿ ಸಂಗೀತ ಓಣಿ ಓಣಿಯಲ್ಲಿ ಕೇಳಿಬರುವ ಊರು ನಮ್ಮದು. ಸವಾಯಿ ಗಂಧರ್ವರ ಕುಂದಗೋಳ, ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ, ಮಲ್ಲಿಕಾರ್ಜುನ ಮನಸೂರರ ಧಾರವಾಡ, ಭೀಮಸೇನ ಜೋಶಿಯವರು ಹುಟ್ಟಿದ ಗದಗ, ಎಲ್ಲ ಒಂದು ದಿನದ ಬಸ್ ಓಡಾಟದಲ್ಲಿ ಮುಗಿಯುವ ದೂರ. ತಬಲಾ ಕಲಿಯಲು ಹೋದ ಮಗುವಿಗೂ ಮೊದಲ ತಿಂಗಳಲ್ಲೇ ಗೊತ್ತಾಗುವ ಎರಡು ಮಾತುಗಳಿವೆ. ಒಂದು ಮಾತ್ರೆ, ತಾಳದ ಒಂದು ಎಣಿಕೆ. ಇನ್ನೊಂದು ಲಯ, ಆ ಎಣಿಕೆಗಳ ನಡುವಿನ ಅಂತರ. ನಿಮಿಷಕ್ಕೆ ಎಷ್ಟು ಮಾತ್ರೆ ಎಂದು ಎಣಿಸಿದರೆ ಅದೇ ಬಿಪಿಎಂ.

ವಿಲಂಬಿತ (ನಿಧಾನ), ಮಧ್ಯ, ದ್ರುತ (ವೇಗ) ಎಂಬ ಮೂರು ಲಯಗಳ ಅಂತರ ಎಷ್ಟಿದೆ ನೋಡಿ. ಕಿರಾಣಾ ಎಂಬ ಗಾಯನ ಪರಂಪರೆಯ (ಘರಾಣೆಯ) ವಿಲಂಬಿತ ಏಕತಾಳದಲ್ಲಿ ಒಂದು ಮಾತ್ರೆ ನಾಲ್ಕು ಸೆಕೆಂಡಿನ ಆಸುಪಾಸು ಹಿಡಿಯುವುದುಂಟು, ಅಂದರೆ ನಿಮಿಷಕ್ಕೆ ಹದಿನೈದು. ಅದಕ್ಕೆ ಹೆಜ್ಜೆ ಕೂಡಿಸಿ ಹೊರಟರೆ ಸಪ್ತಾಪುರದಿಂದ ಕೆಲಗೇರಿ ಕೆರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗುತ್ತದೆ. ದ್ರುತದಲ್ಲಿ ಮಾತ್ರೆಗಳು ನಿಮಿಷಕ್ಕೆ 200ನ್ನೂ ಮೀರಬಲ್ಲವು, ಅದಕ್ಕೆ ಕಾಲು ಕೂಡಿಸುವುದು ನುರಿತ ಓಟಗಾರರಿಗೂ ಕಷ್ಟ. ಓಟಕ್ಕೆ ಬೇಕಾದದ್ದು ನಡುವೆ ಎಲ್ಲೋ ಇದೆ.

ಇನ್ನೊಂದು ಪದವನ್ನೂ ಇಲ್ಲೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ದುಗುನ್. ಒಂದು ಮಾತ್ರೆಯ ಜಾಗದಲ್ಲಿ ಎರಡು ಬೋಲ್ (ತಬಲಾದ ನುಡಿ) ಕೂರಿಸುವುದು. ತಾಳ ಬದಲಾಗುವುದಿಲ್ಲ, ಕೈ ಮಾತ್ರ ಎರಡರಷ್ಟು ಓಡುತ್ತದೆ.

ಸಂಗೀತ ಶಾಲೆಯ ಮೆಟ್ಟಿಲು ಹತ್ತದವರೂ ಕೆಲಸವನ್ನು ಹಾಡಿಗೆ ಕಟ್ಟಿಹಾಕುತ್ತಿದ್ದರು. ಬೀಸುವ ಕಲ್ಲಿನ ಮುಂದೆ ಕುಳಿತವರ ಬೀಸುವ ಪದ, ಕಣದಲ್ಲಿ ಎತ್ತುಗಳನ್ನು ಸುತ್ತು ಹೊಡೆಯುವಾಗಿನ ಹಂತಿಯ ಪದ ಬರೀ ಬೇಸರ ಕಳೆಯಲು ಹುಟ್ಟಿದವಲ್ಲ. ಬೀಸುವಾಗ ಎದುರುಬದುರು ಕುಳಿತ ಇಬ್ಬರ ಕೈ ಒಂದೇ ಗತಿಯಲ್ಲಿ ತಿರುಗದಿದ್ದರೆ ಗೂಟ ಹಿಡಿದ ಕೈಗೆ ಜಗ್ಗಾಟವಾಗುತ್ತದೆ, ದಣಿವು ಬೇಗ ಬರುತ್ತದೆ. ಹಾಡು ಎರಡು ಕೈಗಳ ನಡುವಿನ ಒಪ್ಪಂದ. ಹಳ್ಳಿಗಳಲ್ಲಿ ಈಗಲೂ ಕಾಣುವ ಹೆಜ್ಜೆ ಮೇಳದಲ್ಲಂತೂ ಭಜನೆಯ ಗತಿ ಏರಿದಂತೆ ಸಾಲಿನಲ್ಲಿರುವ ಎಲ್ಲರ ಪಾದವೂ ಒಟ್ಟಿಗೇ ಚುರುಕಾಗುತ್ತದೆ. ಯಾರೂ ಎಣಿಸುತ್ತಿರುವುದಿಲ್ಲ.

ಕಾಲು ಹಾಡನ್ನು ಕೇಳುವುದೇಕೆ?

ಎಣಿಸದೆಯೇ ಅದು ಹೇಗೆ ಸಾಧ್ಯ? ಸಂಗೀತದ ಬೈಠಕ್ ಒಂದರಲ್ಲಿ ಕುಳಿತ ಕೇಳುಗರನ್ನು ಗಮನಿಸಿ. ಗಾಯಕರು ತಾನ್ ಹೊಡೆಯುತ್ತ ಹೊಡೆಯುತ್ತ ಸಮಕ್ಕೆ, ಅಂದರೆ ತಾಳದ ಸುತ್ತು ಮತ್ತೆ ಶುರುವಾಗುವ ಮೊದಲ ಮಾತ್ರೆಗೆ, ಬಂದು ಬಿದ್ದ ಕ್ಷಣದಲ್ಲೇ ನೂರು ತಲೆಗಳು ಒಟ್ಟಿಗೆ ಅಲ್ಲಾಡುತ್ತವೆ. ಸಮ ಬಂದದ್ದನ್ನು ಕೇಳಿ ಆಮೇಲೆ ತಲೆಯಾಡಿಸಿದ್ದರೆ ತುಸು ತಡವಾಗಬೇಕಿತ್ತು. ತಡವಾಗುವುದಿಲ್ಲ, ಏಕೆಂದರೆ ಮಿದುಳು ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಿ ಸ್ನಾಯುವಿಗೆ ಸೂಚನೆ ಕಳಿಸಿರುತ್ತದೆ. ಮಿದುಳಿನ ಚಿತ್ರ ತೆಗೆದು ನೋಡಿದ ಅಧ್ಯಯನಗಳಲ್ಲಿ, ಅಲ್ಲಾಡದೆ ಮಲಗಿ ಬರೀ ತಾಳ ಕೇಳುತ್ತಿರುವವರಲ್ಲೂ ಕೈಕಾಲಿನ ಚಲನೆಯನ್ನು ಸಜ್ಜುಗೊಳಿಸುವ ಭಾಗಗಳು ಚುರುಕಾಗುವುದು ಕಂಡಿದೆ. ಕಿವಿಗೂ ಕಾಲಿಗೂ ಒಳದಾರಿಯೊಂದು ಇದೆ ಎನ್ನಬಹುದು.

ಈ ಒಳದಾರಿ ಆಟದ ಮೈದಾನಕ್ಕಷ್ಟೇ ಸೀಮಿತವಲ್ಲ. ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ತಡವರಿಸುವವರಿಗೆ ಸಮನಾದ ತಾಳ ಕೇಳಿಸಿ ನಡಿಗೆ ಸುಧಾರಿಸುವ ಚಿಕಿತ್ಸಾ ಕ್ರಮ 1990ರ ದಶಕದಿಂದ ಬಳಕೆಯಲ್ಲಿದೆ. ಒಳಗಿನ ಗಡಿಯಾರ ತಪ್ಪಿದಾಗ ಹೊರಗಿನ ತಾಳ ಆಸರೆಯಾಗುತ್ತದೆ.

ಹಾಡು ಮಾಡುವ ಎರಡನೆಯ ಕೆಲಸ ಗಮನ ಸೆಳೆಯುವುದು. ದೇಹ ‘ದಣಿದಿದ್ದೇನೆ’ ಎಂದು ಮೆಲ್ಲಗೆ ಹೇಳುತ್ತಿರುವಾಗ ಹಾಡು ಆ ದನಿಯನ್ನು ಮುಚ್ಚುತ್ತದೆ. ಆದರೆ ಇದಕ್ಕೆ ಮಿತಿಯಿದೆ. ಏದುಸಿರು ಬರುವಷ್ಟು ಜೋರಾಗಿ ಓಡುವಾಗ ದೇಹ ಮೆಲ್ಲಗೆ ಹೇಳುವುದಿಲ್ಲ, ಕಿರುಚುತ್ತದೆ. ಆಗ ಯಾವ ಹಾಡೂ ದಣಿವನ್ನು ಮರೆಸಲಾರದು.

ಮೂರನೆಯದು ಉಳಿತಾಯ. ಹುಬ್ಬಳ್ಳಿಯ ಸಂತೆದಿನದ ರಸ್ತೆಯಲ್ಲಿ ಬ್ರೇಕು, ಎಕ್ಸಲರೇಟರು ಎಂದು ಒದ್ದಾಡುವ ಬೈಕಿಗೂ ಬೈಪಾಸಿನಲ್ಲಿ ಒಂದೇ ಗತಿಯಲ್ಲಿ ಹೋಗುವ ಬೈಕಿಗೂ ಪೆಟ್ರೋಲಿನಲ್ಲಿ ಇರುವ ವ್ಯತ್ಯಾಸ ನಮಗೆ ಗೊತ್ತು. ಕಾಲಿಗೂ ಹಾಗೆಯೇ. ಬ್ರಿಟನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿಮಿಷಕ್ಕೆ 65 ಸುತ್ತು ಪೆಡಲ್ ತುಳಿಯುವವರಿಗೆ ಒಮ್ಮೆ 130ರ ಗತಿಯ ಸಂಗೀತ, ಇನ್ನೊಮ್ಮೆ ತುಸು ನಿಧಾನವಾದ, ತುಳಿತಕ್ಕೆ ಕೂಡದ ಸಂಗೀತ ಕೇಳಿಸಿದರು. 65 ಸುತ್ತಿಗೆ ಎರಡು ಕಾಲಿನ ತುಳಿತ ಸೇರಿ 130. ಸಂಗೀತಕ್ಕೆ ತುಳಿತ ಕೂಡಿದಾಗ ದೇಹ ಬಳಸಿದ ಆಮ್ಲಜನಕ ಸುಮಾರು ಶೇ 7ರಷ್ಟು ಕಡಿಮೆಯಿತ್ತು. ಪ್ರಯೋಗಕ್ಕೆ ಒಳಗಾದವರು ಕೆಲವೇ ಮಂದಿ, ಆದ್ದರಿಂದ ಈ ಏಳನ್ನು ಶಾಸನವೆಂದು ಹಿಡಿಯಬೇಕಾಗಿಲ್ಲ.

ಈ ಬಗೆಯ ಕುತೂಹಲ ನೂರು ವರ್ಷಕ್ಕೂ ಹಳೆಯದು. ನ್ಯೂಯಾರ್ಕಿನ ಆರು ದಿನಗಳ ಸೈಕಲ್ ಸ್ಪರ್ಧೆಯಲ್ಲಿ ಬ್ಯಾಂಡ್ ನುಡಿಯುತ್ತಿದ್ದಾಗ ಸವಾರರ ಸರಾಸರಿ ವೇಗ ಗಂಟೆಗೆ 19.6 ಮೈಲಿ, ನಿಂತಾಗ 17.9 ಮೈಲಿ ಇತ್ತೆಂದು ಲಿಯೊನಾರ್ಡ್ ಏರ್ಸ್ ಎಂಬವರು 1911ರಲ್ಲಿ ಬರೆದರು. ನಮ್ಮ ಕಡೆಯ ಕುಸ್ತಿ ಕಣದಲ್ಲಿ ಹಲಗೆ ಬಡಿಯುವವರಿಗೆ ಈ ಸುದ್ದಿಯಿಂದ ಆಶ್ಚರ್ಯವೇನೂ ಆಗಲಿಕ್ಕಿಲ್ಲ.

ವೇಗದ ಹಾಡು ಹಾಕಿದರೆ ವೇಗವಾಗಿ ಓಡುತ್ತೇವೆಯೇ?

ಓಣಿಯ ಹುಡುಗ ಎಡವಿದ್ದು ಇಲ್ಲೇ, ಹೆಚ್ಚಿನವರು ಎಡವುವುದೂ ಇಲ್ಲೇ.

ಮನೆಯ ತೊಟ್ಟಿಗೆ ನೀರು ತುಂಬಿಸುವುದನ್ನು ನೆನೆಯಿರಿ. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಕಂಡ ಹುಬ್ಬಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಟ್ಟಿ ಎಷ್ಟು ಬೇಗ ತುಂಬುತ್ತದೆ ಎಂಬುದು ನಿಮಿಷಕ್ಕೆ ಎಷ್ಟು ಕೊಡ ಸುರಿದಿರಿ ಎಂಬುದರ ಮೇಲಷ್ಟೇ ನಿಂತಿಲ್ಲ, ಕೊಡ ಎಷ್ಟು ದೊಡ್ಡದು ಎಂಬುದರ ಮೇಲೂ ನಿಂತಿದೆ. ಓಟದಲ್ಲಿ ಹೆಜ್ಜೆಗತಿ ಎಂದರೆ ಕೊಡಗಳ ಎಣಿಕೆ. ಹೆಜ್ಜೆಯ ಉದ್ದ ಎಂದರೆ ಕೊಡದ ಗಾತ್ರ. ಎರಡನ್ನೂ ಗುಣಿಸಿದರೆ ಸಿಗುವುದು ವೇಗ. ಹಾಡು ಹಿಡಿದಿಡುವುದು ಎಣಿಕೆಯನ್ನು ಮಾತ್ರ. ಗಾತ್ರ ಅದರ ಕೈಯಲ್ಲಿಲ್ಲ.

ಕರ್ನಾಟಕದ ಪೊಲೀಸ್ ಕಾನ್ಸ್‌ಟೇಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಹುಡುಗನಿಗೆ ಬೇಕಾಗುತ್ತಿದ್ದದ್ದು 6 ನಿಮಿಷ 50 ಸೆಕೆಂಡು. ಹಾಡಿಲ್ಲದೆ ಓಡುತ್ತಿದ್ದಾಗ ವಾಚು ತೋರಿಸುತ್ತಿದ್ದ ಹೆಜ್ಜೆಗತಿ 164. ಲೆಕ್ಕ ಹಾಕಿ: 6 ನಿಮಿಷ 50 ಸೆಕೆಂಡಿಗೆ ಸುಮಾರು 1,120 ಹೆಜ್ಜೆ, ಒಂದೊಂದು ಹೆಜ್ಜೆ 1.43 ಮೀಟರ್. 180ರ ಹಾಡು ಹಾಕಿಕೊಂಡ ಮೇಲೆ ಅದೇ ಸಮಯದಲ್ಲಿ 1,230 ಹೆಜ್ಜೆ ಹಾಕಿದ. ದೂರ ಬದಲಾಗಿಲ್ಲ, ಸಮಯ ಬದಲಾಗಿಲ್ಲ. ಹಾಗಾದರೆ ಬದಲಾದದ್ದೇನು? ಹೆಜ್ಜೆ 1.30 ಮೀಟರಿಗೆ ಕುಗ್ಗಿತು. ಕೊಡಗಳ ಎಣಿಕೆ ಹೆಚ್ಚಿಸಿ, ಸದ್ದಿಲ್ಲದೆ ಸಣ್ಣ ಕೊಡ ಹಿಡಿದುಕೊಂಡಿದ್ದ. ರೂಢಿಯಿಲ್ಲದ ಚುರುಕಿಗೆ ಬೆಲೆ ತೆತ್ತದ್ದು ಮೀನಖಂಡ.

ಈಗ ಲೆಕ್ಕವನ್ನು ತಿರುವಿ ಹಾಕೋಣ. ಹೆಜ್ಜೆಯ ಉದ್ದ ಅದೇ 1.43 ಮೀಟರ್ ಇರಲಿ. 1600 ಮೀಟರಿಗೆ ಸುಮಾರು 1,118 ಹೆಜ್ಜೆ ಬೇಕು. ಅವು ಆರೂವರೆ ನಿಮಿಷದಲ್ಲಿ ಮುಗಿಯಬೇಕೆಂದರೆ ನಿಮಿಷಕ್ಕೆ 172. ಅವನಿಗೆ ಬೇಕಾದ ಹಾಡು 180ರದ್ದಲ್ಲ, 172ರದ್ದು. ಹೆಚ್ಚಾದದ್ದು ಎಂಟೇ ಹೆಜ್ಜೆ, ಶೇ 5ರಷ್ಟು. ಎದೆಗೂಡು ಆ ಶೇ 5ಕ್ಕೆ ಸಿದ್ಧವಾಗಬೇಕು ಎಂಬುದು ಬೇರೆ ಮಾತು. ಅದಕ್ಕೆ ವಾರಗಳ ಅಭ್ಯಾಸ ಬೇಕು, ಹಾಡು ಆ ಕೆಲಸವನ್ನು ಮಾಡಿಕೊಡುವುದಿಲ್ಲ.

ಅದೇ ನೇಮಕಾತಿಯಲ್ಲಿ ಮಹಿಳೆಯರ ಓಟ 400 ಮೀಟರ್, 2 ನಿಮಿಷದೊಳಗೆ. 170ರ ಹೆಜ್ಜೆಗತಿಯಲ್ಲಿ ಅದು 340 ಹೆಜ್ಜೆ, ತಲಾ 1.18 ಮೀಟರ್. ತಮ್ಮ ಸಮಯ, ತಮ್ಮ ಹೆಜ್ಜೆಗತಿ ಹಾಕಿಕೊಂಡು ಯಾರು ಬೇಕಾದರೂ ಈ ಲೆಕ್ಕ ಮಾಡಿಕೊಳ್ಳಬಹುದು.

180 ಎಂಬ ಮಂತ್ರ ಎಲ್ಲಿಂದ ಬಂತು?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆಗಳನ್ನು ಎಣಿಸಿದರು. ದೂರದ ಓಟದವರಲ್ಲಿ ಬಹುತೇಕ ಎಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ಆ ಮಾತು ಬಾಯಿಂದ ಬಾಯಿಗೆ ಹೋಗುತ್ತ ‘ಎಲ್ಲರೂ 180 ಹಾಕಬೇಕು’ ಎಂದಾಯಿತು. ಅವರು ಎಣಿಸಿದ್ದು ಒಲಿಂಪಿಕ್ಸ್ ಓಟಗಾರರನ್ನು, ಅದೂ ಸ್ಪರ್ಧೆಯ ವೇಗದಲ್ಲಿ. ಅದೇ ಓಟಗಾರರು ಆರಾಮವಾಗಿ ಓಡುವಾಗ ಅವರ ಹೆಜ್ಜೆಗತಿಯೂ ಇಳಿಯುತ್ತದೆ. ಎತ್ತರದವರಿಗೆ ಸಾಮಾನ್ಯವಾಗಿ ಕಡಿಮೆ, ಗಿಡ್ಡಗಿರುವವರಿಗೆ ಹೆಚ್ಚು. ಹವ್ಯಾಸಕ್ಕೆ ಓಡುವವರಲ್ಲಿ 155ರಿಂದ 175ರ ನಡುವೆ ಇರುವವರೇ ಬಹಳ.

ಹಾಗೆಂದು ಹೆಜ್ಜೆಗತಿ ಹೆಚ್ಚಿಸುವುದು ವ್ಯರ್ಥವೆಂದಲ್ಲ. ಬಹಳ ಉದ್ದ ಹೆಜ್ಜೆ ಹಾಕಿ, ಪಾದವನ್ನು ದೇಹಕ್ಕಿಂತ ಮುಂದೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ಬಡಿಯುವವರಿಗೆ ಪ್ರತಿ ಹೆಜ್ಜೆಯೂ ಒಂದು ಸಣ್ಣ ಬ್ರೇಕು. ಅದೇ ವೇಗದಲ್ಲಿ ಹೆಜ್ಜೆಗತಿಯನ್ನು ಶೇ 5ರಿಂದ 10ರಷ್ಟು ಏರಿಸಿದರೆ ಮೊಣಕಾಲಿನ ಮೇಲಿನ ಭಾರ ಇಳಿಯುತ್ತದೆಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 2011ರ ಅಧ್ಯಯನ ತೋರಿಸಿದೆ. ಇಲ್ಲಿ ಮುಖ್ಯವಾದದ್ದು ಆ ಶೇ 5. ಅವರವರ ಸಹಜ ಗತಿಯಿಂದ ಶೇ 5, ಬೇರೆಯವರ 180ಕ್ಕೆ ಒಂದೇ ಜಿಗಿತವಲ್ಲ.

ನಿಮ್ಮ ಸಂಖ್ಯೆ ಹಿಡಿಯುವುದು

ವಾಚು ಇಲ್ಲದಿದ್ದರೂ ಚಿಂತೆಯಿಲ್ಲ. ಐದು ನಿಮಿಷ ಓಡಿ ಮೈ ಬಿಸಿಯಾದ ಮೇಲೆ, ಬಲಗಾಲು ನೆಲಕ್ಕೆ ತಾಗುವುದನ್ನು ಮೂವತ್ತು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 41 ಬಂದರೆ 164. ಗೋಡೆ ಗಡಿಯಾರವಿರುವ ಕಡೆ ಹಾಡು ಹಾಕಿ, ಹದಿನೈದು ಸೆಕೆಂಡು ತೊಡೆ ತಟ್ಟಿ, ನಾಲ್ಕರಿಂದ ಗುಣಿಸಿದರೆ ಹಾಡಿನ ಗತಿ ಸಿಗುತ್ತದೆ. ಇದಕ್ಕೆಂದೇ ಆ್ಯಪ್‌ಗಳೂ ಇವೆ, ಆದರೆ ಕೆಲವು ಸಲ ಅವು ಗತಿಯನ್ನು ಅರ್ಧ ಅಥವಾ ದುಪ್ಪಟ್ಟು ತೋರಿಸುತ್ತವೆ. 86ರ ಹಾಡನ್ನು 172 ಎಂದರೆ ಅದು ತಪ್ಪಲ್ಲ, ದುಗುನ್ ಎಣಿಸಿದೆ ಎಂದು ತಿಳಿಯಿರಿ.

ನಮಗೂ ಆ ದುಗುನ್ ವರವೇ. 172ರ ಗತಿಯ ಹಾಡು ಹುಡುಕುವುದು ಕಷ್ಟ; ಸಿಕ್ಕರೂ ಬಹುಪಾಲು ಕಿವಿ ಕಚ್ಚುವ ಸದ್ದು. 86ರ ಗತಿಯ ಹಾಡುಗಳು ಬೇಕಾದಷ್ಟಿವೆ. ಪ್ರತಿ ಪೆಟ್ಟಿಗೆ ಬಲಗಾಲು ಮಾತ್ರ ಕೂಡಿಸಿದರೆ ಎಡಗಾಲು ತಾನಾಗಿಯೇ ನಡುವೆ ಬಂದು ಕೂರುತ್ತದೆ.

ತಾಳದ ವಿಷಯದಲ್ಲೂ ಒಂದು ಮಾತು. ಎಂಟು ಮಾತ್ರೆಯ ಕೆಹರವಾ ಓಟಕ್ಕೆ ಹೇಳಿ ಮಾಡಿಸಿದ್ದು, ಸಮ ಯಾವಾಗಲೂ ಒಂದೇ ಕಾಲಿನ ಮೇಲೆ ಬರುತ್ತದೆ. ಆರು ಮಾತ್ರೆಯ ದಾದ್ರಾದಲ್ಲಿ ಒಂದನೆಯ ಮಾತ್ರೆ ಬಲಗಾಲಿಗೆ ಬಿದ್ದರೆ ನಾಲ್ಕನೆಯದು ಎಡಗಾಲಿಗೆ. ಒಂಥರಾ ಜೋಲಿ ಹೊಡೆದ ಹಾಗೆ ಅನಿಸಿದರೂ ಕೆಲವರಿಗೆ ಅದು ಹಿತ. ಏಳು ಮಾತ್ರೆಯ ರೂಪಕ ಮಾತ್ರ ಬೇಡ. ತಾಳದ ಪ್ರತಿ ಸುತ್ತಿಗೂ ಕಾಲು ಬದಲಾಗಿ, ಓಡುವವರು ಲೆಕ್ಕ ಹಾಕುತ್ತ ಎದುರಿನ ಕಂಬಕ್ಕೆ ಡಿಕ್ಕಿ ಹೊಡೆದಾರು. ನನಗೆ ಹಿಡಿಸಿದ ಉಪಾಯವೆಂದರೆ ಗಾಯಕರು ರಿಯಾಜಿಗೆ ಬಳಸುವ ತಬಲಾ ಆ್ಯಪ್. ಕೆಹರವಾ ಆರಿಸಿ 172 ಎಂದು ಗತಿ ಕೂರಿಸಿದರೆ ಸಾಕು, ಹಾಡು ಮುಗಿಯುವ ಗೊಡವೆಯಿಲ್ಲ, ಜಾಹೀರಾತಿಲ್ಲ, ನಡುವೆ ಆಲಾಪ ಬಂದು ಕಾಲು ನಿಲ್ಲುವುದಿಲ್ಲ. ನಾನು ಒಮ್ಮೆ ಸಿನಿಮಾ ಹಾಡೊಂದಕ್ಕೆ ಹೆಜ್ಜೆ ಕೂಡಿಸಿ ಹೊರಟು, ಚರಣದ ನಡುವೆ ಕೊಳಲೊಂದೇ ಉಳಿದಾಗ ಮೈದಾನದ ಮಧ್ಯೆ ದಾರಿ ತಪ್ಪಿದವನ ಹಾಗೆ ನಿಂತಿದ್ದೆ.

ಏರು ಬಂದಾಗ

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರು ಹತ್ತುವಾಗ ಹಾಡಿನ ಗತಿಯನ್ನು ಹಾಗೆಯೇ ಬಿಡಿ, ಹೆಜ್ಜೆಯನ್ನು ಗಿಡ್ಡ ಮಾಡಿ. ಸೈಕಲ್ಲಿನ ಗೇರು ಇಳಿಸಿದಂತೆ ಇದು. ತುಳಿತ ಅದೇ, ದೂರ ಕಡಿಮೆ. ವೇಗ ಇಳಿಯುತ್ತದೆ, ಇಳಿಯಲಿ. ಇಷ್ಟಾದರೂ ಹೃದಯ ಬಡಿತ ಏರುತ್ತದೆ. ಹಾಡು, ಹೆಜ್ಜೆ, ಹೃದಯ ಮೂರೂ ಬೇರೆ ಬೇರೆ ಎಂಬುದು ಇಲ್ಲಿ ಕಾಲಿಗೇ ತಿಳಿಯುತ್ತದೆ. ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲೂ ಇದೇ ಕಥೆ. ಮೈ ತಂಪು ಮಾಡಿಕೊಳ್ಳಲು ಹೃದಯ ಹೆಚ್ಚು ದುಡಿಯುತ್ತದೆ, ಅದೇ ಹಾಡು, ಅದೇ ಹೆಜ್ಜೆ ಇದ್ದರೂ ದಣಿವು ಬೇಗ. ಅಂಥ ದಿನ ಹಾಡನ್ನಲ್ಲ, ಉಸಿರನ್ನು ನಂಬಬೇಕು.

ಓಡದವರಿಗೆ

ನಡಿಗೆಗೆ ಲೆಕ್ಕ ಸುಲಭ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ವಯಸ್ಕರಿಗೆ ಮಧ್ಯಮ ಶ್ರಮದ ನಡಿಗೆ, ಆರೋಗ್ಯಕ್ಕೆ ಬೇಕೆನ್ನುವ ಬಿರುಸು ಅಲ್ಲಿಂದ ಶುರು. 130ರ ಹತ್ತಿರ ಬಂದರೆ ಏದುಸಿರು. ಉಣಕಲ್ ಕೆರೆಯ ದಂಡೆಯ ಮೇಲೆ ಹರಟುತ್ತ ಹೋಗುವ ಗುಂಪುಗಳು 100ಕ್ಕಿಂತ ಕೆಳಗೇ ಇರುತ್ತವೆ ಎಂದು ಎಣಿಸದೆಯೂ ಹೇಳಬಹುದು. 110ರ ಭಜನೆಯೊಂದು ಕಿವಿಯಲ್ಲಿದ್ದರೆ ಗತಿ ತಾನಾಗಿ ಏರುತ್ತದೆ, ಹರಟೆ ಮಾತ್ರ ನಿಲ್ಲುತ್ತದೆ.

ಸೈಕಲ್ಲಿಗೆ ಒಂದು ಪೆಟ್ಟಿಗೆ ಒಂದು ಕಾಲಿನ ತುಳಿತ. ಹಗ್ಗದಾಟಕ್ಕೆ ಒಂದು ಪೆಟ್ಟಿಗೆ ಒಂದು ಜಿಗಿತ. ಗರಡಿ ಮನೆಯ ದಂಡ, ಬೈಠಕ್ಕುಗಳಿಗೆ ಸಮನಾದ ನಿಧಾನ ಗತಿ ಒಪ್ಪುತ್ತದೆ, ಆದರೆ ಭಾರ ಎತ್ತುವಾಗ ಹಾಡಿಗೆ ಕೂಡಿಸಲು ಹೋಗಬೇಡಿ. ಅಲ್ಲಿ ಉಸಿರು ಮತ್ತು ಹಿಡಿತವೇ ತಾಳ. ಸೂರ್ಯನಮಸ್ಕಾರಕ್ಕೂ ಹಾಗೆಯೇ.

ವಿಷಯಕ್ಕೆ ಹೊರಗಿನದಾದರೂ ಹೇಳಿಬಿಡುತ್ತೇನೆ: ಹೃದಯ ನಿಂತವರ ಎದೆಯನ್ನು ಒತ್ತುವ ಪ್ರಥಮ ಚಿಕಿತ್ಸೆಯ ಗತಿ ನಿಮಿಷಕ್ಕೆ 100ರಿಂದ 120. ಗಾಬರಿಯಲ್ಲಿ ಎಣಿಕೆ ತಪ್ಪದಿರಲೆಂದು ಅದನ್ನು ಕಲಿಸುವವರೂ ಆ ಗತಿಯ ಪರಿಚಿತ ಹಾಡೊಂದನ್ನು ಮನಸ್ಸಿನಲ್ಲಿ ಹಾಡಿಕೊಳ್ಳಿ ಎನ್ನುತ್ತಾರೆ.

ಕಿವಿ ಮತ್ತು ರಸ್ತೆ

ಹುಬ್ಬಳ್ಳಿ–ಧಾರವಾಡ ರಸ್ತೆಯ ಪಕ್ಕದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಓಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಹಿಂದಿನಿಂದ ಬರುವ ಟೆಂಪೊ, ಮುಂದೆ ಹಾರನ್ ಹೊಡೆಯುವ ಬೈಕು, ಓಣಿಯ ನಾಯಿ ಯಾವುದೂ ಕೇಳಿಸುವುದಿಲ್ಲ. ರಸ್ತೆಯಲ್ಲಾದರೆ ಒಂದೇ ಕಿವಿಗೆ, ಅದೂ ರಸ್ತೆಯ ಕಡೆಯ ಕಿವಿಯನ್ನು ತೆರೆದಿಟ್ಟು. ಹಾಡು ಬೇಕೇ ಬೇಕೆನ್ನುವವರಿಗೆ ಮೈದಾನವೇ ಲೇಸು. ಸದ್ದಿನ ಮಟ್ಟಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಂತೆ ಆ ಗಂಟೆಗಳು ಬೇಗ ಕರಗುತ್ತವೆ. ಲಯ ಹಿಡಿಯಲು ಜೋರು ಸದ್ದು ಬೇಕಾಗಿಯೂ ಇಲ್ಲ. ತಬಲಾದ ಪೆಟ್ಟು ಮೆಲ್ಲಗೆ ಕೇಳಿದರೂ ಪೆಟ್ಟೇ.

ಪರೀಕ್ಷೆಯ ದಿನ ಹಾಡಿಲ್ಲ

ಇದನ್ನು ಹುಡುಗರು ಕೊನೆಯ ವಾರದವರೆಗೂ ಮರೆತಿರುತ್ತಾರೆ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮಗಳ ಪ್ರಕಾರ ಸ್ಪರ್ಧೆಯ ಅಂಗಳದೊಳಗೆ ಮೊಬೈಲ್, ರೇಡಿಯೊ ಬಳಸುವುದು ಹೊರಗಿನ ನೆರವು ಪಡೆದಂತೆ. ನೇಮಕಾತಿಯ ಓಟಕ್ಕೂ ಇಯರ್‌ಬಡ್ ಹಾಕಿಕೊಂಡು ನಿಲ್ಲಲಾಗದು. 1998ರಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಅವರ ಇಷ್ಟದ ಪಾಪ್ ಹಾಡನ್ನು ಧ್ವನಿವರ್ಧಕದಲ್ಲಿ ಹಾಕಿದ್ದರು ಎಂದು ಉದಾಹರಣೆ ಕೊಡುವವರಿದ್ದಾರೆ. ಸರಿಯೇ. ಆದರೆ ಆ ಹಾಡು ಜೊತೆಗೆ ಓಡಿದವರ ಕಿವಿಗೂ ಬಿದ್ದಿತ್ತು.

ಆದ್ದರಿಂದ ಹಾಡನ್ನು ಊರುಗೋಲಿನಂತೆ ಬಳಸಿ ಮೆಲ್ಲಮೆಲ್ಲನೆ ಬಿಡಿಸಿಕೊಳ್ಳಬೇಕು. ಹುಡುಗನಿಗೆ ಮೀನಖಂಡದ ನೋವು ಇಳಿಯುವವರೆಗೆ ಒಂದು ವಾರ ಬಿಡುವು. ಆಮೇಲೆ ಎರಡು ವಾರ 168, ಅನಂತರ 172, ವಾರಕ್ಕೆ ಎರಡೇ ದಿನ. ಉಳಿದ ದಿನ ತನ್ನ ಸಹಜ ಗತಿಯ ಆರಾಮದ ಓಟ. ಆ ಎರಡು ದಿನಗಳಲ್ಲಿ 400 ಮೀಟರಿನ ಒಂದು ಸುತ್ತು ಕೆಹರವಾ ಕೇಳುತ್ತ, ಮುಂದಿನ ಸುತ್ತು ಇಯರ್‌ಬಡ್ ತೆಗೆದು ಅದೇ ಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಪ್ರತಿ ಸುತ್ತಿಗೆ 97 ಸೆಕೆಂಡು. ಹಾಡಿಲ್ಲದ ಸುತ್ತಿನಲ್ಲಿ ಗೆಳೆಯನೊಬ್ಬ ದಡದಲ್ಲಿ ನಿಂತು ಅವನ ಬಲಗಾಲನ್ನು ಮೂವತ್ತು ಸೆಕೆಂಡು ಎಣಿಸಬೇಕು. 43 ಬಂದರೆ ಲಯ ಕಾಲಿಗೆ ಇಳಿದಿದೆ.

ಐದನೆಯ ವಾರದ ಕೊನೆಗೆ ಹಾಡೇ ಇಲ್ಲದೆ ಪೂರ್ತಿ 1600 ಮೀಟರ್ ಓಡಿ ಬಂದು ಹುಡುಗ ಚೀಟಿ ತೋರಿಸಿದ. ನಾಲ್ಕು ಸುತ್ತಿನ ಎಣಿಕೆ: 43, 43, 42, 39. ಸಮಯ 6 ನಿಮಿಷ 36 ಸೆಕೆಂಡು. ಮೂರನೆಯ ಸುತ್ತಿನವರೆಗೆ ಕಾಲು ತಾಳದಲ್ಲೇ ಇದೆ. ಈಗ ಅವನು ದುಡಿಯಬೇಕಾದದ್ದು ನಾಲ್ಕನೆಯ ಸುತ್ತಿಗೆ.